ಹಳೆಯ ಗಣಕಕ್ಕೊಂದು ಪಂಚಾಂಗ

ನನ್ನ ಅಕ್ಕನಿಗೆ ಎರಡು ಹುಟ್ಟುಹಬ್ಬಗಳಿದ್ದವು. ಎರಡನ್ನೂ ಆಕೆ ನಂಬಿರಲಿಲ್ಲ. ಮೊದಲನೆಯದು ಶಾಲೆಯ ದಾಖಲೆಯಲ್ಲಿದ್ದ 1946ರ ಜೂನ್ 1. ಮಗುವಿನ ಎತ್ತರವನ್ನೂ ಬಾಯಲ್ಲಿ ಬಿದ್ದ ಹಲ್ಲುಗಳನ್ನೂ ನೋಡಿ ಮುಖ್ಯೋಪಾಧ್ಯಾಯರು ಜನ್ಮದಿನವನ್ನು ನಿಶ್ಚಯಿಸುತ್ತಿದ್ದ ಕಾಲವದು; ನಮ್ಮ ಭಾಗದಲ್ಲಿ ಆ ತಲೆಮಾರಿನ ಅರ್ಧದಷ್ಟು ಜನ ಜೂನ್ ಒಂದರಂದೇ ಹುಟ್ಟಿದವರು. ಆ ಬರಹದ ದೆಸೆಯಿಂದ ಅಕ್ಕ ತನ್ನ ಶಿಕ್ಷಕ ವೃತ್ತಿಯಿಂದ ಎರಡು ವರ್ಷ ಮೊದಲೇ ನಿವೃತ್ತಳಾಗಬೇಕಾಯಿತು. ಅದನ್ನು ಆಕೆ ನಗುತ್ತಲೇ ಸಹಿಸಿಕೊಂಡಳು. ಎರಡನೆಯ ಹುಟ್ಟುಹಬ್ಬದ ವಿಷಯ ಮಾತ್ರ ಹಾಗಲ್ಲ. ಅದು ಆಕೆಯ ಮನಸ್ಸನ್ನು ಐವತ್ತು ವರ್ಷ ಕೊರೆದಿತ್ತು.

ನಮ್ಮ ಅವ್ವ ಅಕ್ಷರ ಬಲ್ಲವಳಲ್ಲ. ಆದರೆ ಅಕ್ಕನ ಹುಟ್ಟನ್ನು ಕುರಿತು ಆಕೆ ಹೇಳುತ್ತಿದ್ದ ಕಥೆಯಲ್ಲಿ ಒಂದು ಮಾತೂ ಆಚೀಚೆಯಾಗುತ್ತಿರಲಿಲ್ಲ: ರಜಾಕಾರರ ಗದ್ದಲದ ವರ್ಷ, ಕಾರಹುಣ್ಣಿಮೆಯ ದಿನ, ಚಿತ್ತಾಪುರದ ನಮ್ಮ ಓಣಿಯಲ್ಲಿ ಎತ್ತುಗಳು ಕರಿ ಹರಿದು ಮನೆಗೆ ಮರಳುವ ಹೊತ್ತು, ಮರುದಿನ ರಾತ್ರಿ ಪಕ್ಕದ ಮನೆಯ ಚಾಚಿ ಷಬ್-ಎ-ಬರಾತಿನ ದೀಪ ಹಚ್ಚಿಟ್ಟು, ಹಲ್ವದ ತಟ್ಟೆಯನ್ನು ಬಾಣಂತಿಯ ಹೊಸ್ತಿಲವರೆಗೆ ತಂದದ್ದು. ಅವ್ವ ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ನನ್ನನ್ನು ಓದಿಸಿ ಬೆಳೆಸಿದವಳು ಅಕ್ಕನೇ. ಅವ್ವನ ಕಥೆ ನನಗೆ ಬಂದದ್ದೂ ಅಕ್ಕನ ಬಾಯಿಂದಲೇ.

ತಂದೆಯವರು ನಿಜಾಮರ ಕಾಲದಲ್ಲಿ ಚಿತ್ತಾಪುರದಲ್ಲಿ ಉಪಾಧ್ಯಾಯರಾಗಿದ್ದರು. ಮನೆಯ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. ಅವರು ಹೋದ ಮೇಲೆ ಅಕ್ಕ ಆ ಲೆಕ್ಕದ ಪುಸ್ತಕವನ್ನು ಹಳೆಯ ಮುನ್ಷಿಯೊಬ್ಬರಿಗೆ ತೋರಿಸಿದಳು. ಹೆಣ್ಣು ಕೂಸು ಹುಟ್ಟಿದ ಸಂಗತಿ ಅಲ್ಲಿ ಒಂದೇ ಸಾಲಿನಲ್ಲಿತ್ತು: ಅಮರದಾದ್ ತಿಂಗಳು, 1357 ಫಸಲಿ, ದೋಶಂಬಾ, ಎಂದರೆ ಸೋಮವಾರ. ತಾರೀಖಿನ ಅಂಕೆ ಮಾತ್ರ ನೀರು ಬಿದ್ದು ಕಲೆಯಾಗಿ ಹೋಗಿತ್ತು. ಮುನ್ಷಿಯವರು ಫಾರಸಿ ಬಲ್ಲವರು. “ಅಮರದಾದ್ ಅಂದ್ರ ಫಾರಸಿಯವರ ಐದನೇ ತಿಂಗಳಮ್ಮಾ, ಅದು ಆಗಸ್ಟಿನ ಕಡೆಗೆ ಬರ್ತದ” ಎಂದರು. ಆಗಸ್ಟಿನಲ್ಲಿ ಕಾರಹುಣ್ಣಿಮೆ ಎಲ್ಲಿಂದ ಬರಬೇಕು? ಅಂದಿನಿಂದ ಅಕ್ಕ ಅವ್ವನ ಕಥೆಯನ್ನು ಹೇಳುವುದನ್ನೇ ಬಿಟ್ಟಳು. ಕಾಗದವೊಂದು ಕಡೆ, ಬಾಯಿಮಾತೊಂದು ಕಡೆ ನಿಂತಾಗ ಓದಿದ ಮಕ್ಕಳು ಕಾಗದದ ಕಡೆಗೆ ವಾಲುವುದು ಸಹಜ. ಆದರೂ ಒಮ್ಮೆ ಆಕೆ ನನ್ನನ್ನು ಕೇಳಿದ್ದಳು: “ಅವ್ವ ಸುಮ್ಮನ ಕಟ್ಟಿ ಹೇಳಿದ್ದಳೇನೋ ತಮ್ಮಾ?” ಕನ್ನಡದ ಮೇಷ್ಟ್ರಾದ ನಾನು ಶಾಸನಗಳ ಕಾಲನಿರ್ಣಯದ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿದವನು, ಅಕ್ಕನ ಈ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದ ದಾರಿ ತೆರೆದದ್ದು ಒಂದು ಹಳೆಯ ಗಣಕಯಂತ್ರದ ಮೂಲಕ. ವಾಡಿಯಲ್ಲಿ ಕೆಲಸದಲ್ಲಿರುವ ನನ್ನ ಶಿಷ್ಯನೊಬ್ಬನಿದ್ದಾನೆ. ಕನ್ನಡವನ್ನು ಐಚ್ಛಿಕವಾಗಿ ಓದಿ ಕೊನೆಗೆ ಗಣಕದ ವಿದ್ಯೆಯಿಂದ ಅನ್ನ ಸಂಪಾದಿಸುತ್ತಿರುವವನು. 2024ರ ಬೇಸಿಗೆಗೆ ಮೊದಲು ಅವನು ಶಹಾಬಾದಿನ ಗುಜರಿಯಂಗಡಿಯಿಂದ ಒಂದು ಯಂತ್ರವನ್ನು ತೂಕದ ಬೆಲೆಗೆ ಕೊಂಡು ತಂದ. ಅದು ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಯುವಂಥದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಮ್ಮ ದೇಶದ ಅನೇಕ ಬ್ಯಾಂಕು ಶಾಖೆಗಳು ಎಸ್‌ಸಿಒ ಯೂನಿಕ್ಸ್ ಎಂಬ ಇಂಥ ವ್ಯವಸ್ಥೆಯ ಮೇಲೆಯೇ ತಮ್ಮ ಲೆಕ್ಕವನ್ನು ನಡೆಸಿದ್ದವು. ಚಿತ್ರವಿಲ್ಲ, ಬಣ್ಣವಿಲ್ಲ; ಕಪ್ಪು ಪರದೆಯ ಮೇಲೆ ಅಕ್ಷರಗಳು ಮಾತ್ರ. ಶಹಾಬಾದಿನ ಹಾಸುಗಲ್ಲಿನಷ್ಟೇ ತೂಕದ ಆ ಪೆಟ್ಟಿಗೆಯನ್ನು ಅವನು ಸೇಡಂಗೆ ನನ್ನ ಮನೆಗೇ ತಂದಿಳಿಸಿದ. ಅವನ ಬಾಡಿಗೆ ಮನೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲವೆಂಬುದು ಒಂದು ಕಾರಣ. “ಸರ್, ಇದರಾಗ ಪ್ರೋಗ್ರಾಮಿನ ಮೂಲಪಾಠಾನ ಓದಬಹುದು, ಫೋನಿನಾಗಿದ್ದಂಗ ಮುಚ್ಚಿಟ್ಟಿರಂಗಿಲ್ಲ” ಎಂಬುದು ಇನ್ನೊಂದು. ಈ ಎರಡನೆಯ ಮಾತು ನನ್ನನ್ನು ಹಿಡಿಯಿತು.

ಕೇಳುಗರಲ್ಲಿ ಹಲವರಿಗೆ ಅನಿಸಬಹುದು: ಅಂಗೈಯಲ್ಲಿರುವ ಫೋನನ್ನು ಕೇಳಿದರೆ ನೂರು ವರ್ಷದ ಪಂಚಾಂಗ ಕ್ಷಣದಲ್ಲಿ ಬರುವಾಗ ಈ ಹಳೆಯ ಪೆಟ್ಟಿಗೆಯ ಸಹವಾಸವೇಕೆ? ನಿಜ. ಆದರೆ ಫೋನು ಉತ್ತರವನ್ನು ಕೊಡುತ್ತದೆಯೇ ಹೊರತು ಆ ಉತ್ತರವನ್ನು ತಾನು ಹೇಗೆ ಪಡೆದೆನೆಂಬುದನ್ನು ತೋರಿಸುವುದಿಲ್ಲ. ಮೂಲಪ್ರತಿಯನ್ನು ಕಾಣದೆ ಪಾಠನಿರ್ಣಯ ಮಾಡಬಾರದೆಂದು ಜೀವಮಾನವೆಲ್ಲ ಬೋಧಿಸಿದವನಿಗೆ ಅದು ಸಾಲದು.

ಆ ಯಂತ್ರದಲ್ಲಿ ಪಂಚಾಂಗದ ಕೆಲಸ ಮಾಡುವ ಎರಡು ಆಜ್ಞೆಗಳು ಮೊದಲಿನಿಂದಲೇ ಇದ್ದವು. ಒಂದು ‘ಕ್ಯಾಲ್’. ತಿಂಗಳು, ವರ್ಷ ಹೇಳಿದರೆ ಆ ತಿಂಗಳ ಹಾಳೆಯನ್ನು ಪರದೆಯ ಮೇಲೆ ಮೂಡಿಸುತ್ತದೆ. 1752ರ ಸೆಪ್ಟೆಂಬರನ್ನು ಕೇಳಿದರೆ 2ನೆಯ ತಾರೀಖಿನ ಪಕ್ಕದಲ್ಲಿ 14 ಬಂದು ನಿಲ್ಲುತ್ತದೆ. ನಡುವಣ ಹನ್ನೊಂದು ದಿನಗಳೇ ಇಲ್ಲ. ಬ್ರಿಟನ್ನು ಜೂಲಿಯನ್ ಗಣನೆಯನ್ನು ತೊರೆದು ಗ್ರೆಗೋರಿಯನ್ ಗಣನೆಗೆ ಬಂದಾಗ ಬಿಟ್ಟ ದಿನಗಳವು. ಹೈದರಾಬಾದಿನಲ್ಲಿ ಸಲಾಬತ್ ಜಂಗನು ಆಳುತ್ತಿದ್ದ ಆ ವರ್ಷ ಸೇಡಮಿನಲ್ಲಿ ಯಾರೂ ಒಂದು ದಿನವನ್ನೂ ಕಳೆದುಕೊಳ್ಳಲಿಲ್ಲ. ಆದರೂ ನನ್ನ ಮನೆಯ ಮೇಜಿನ ಮೇಲೆ ಕುಳಿತ ಯಂತ್ರಕ್ಕೆ ಲೋಕವೆಲ್ಲ ಲಂಡನ್ನೇ. ಆಜ್ಞೆಯ ಕೈಪಿಡಿಯನ್ನೂ ಶಿಷ್ಯ ತೋರಿಸಿದ. ಅದರಲ್ಲೊಂದು ಎಚ್ಚರಿಕೆಯ ಮಾತಿದೆ: 78 ಎಂದು ಎರಡೇ ಅಂಕೆ ಬರೆದರೆ ಅದು ಕ್ರಿಸ್ತಶಕದ ಆದಿಯ 78 ಆದೀತೇ ವಿನಾ ಈಚಿನ 1978 ಅಲ್ಲ ಎಂದು. ಓದಿ ನನಗೆ ನಗು ಬಂತು. ಯಾರೋ ಅಮೆರಿಕದ ತಂತ್ರಜ್ಞರು ಬಳಕೆದಾರರ ಮರವೆಗೆಂದು ಆರಿಸಿಕೊಂಡ ಆ ಸಂಖ್ಯೆಯೇ ನಮ್ಮ ಶಾಲಿವಾಹನ ಶಕೆಯ ಮೊದಲು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನದ ವಿವರಗಳನ್ನೂ ಅಲ್ಲಿನ ಆರು ಜನ ಸರಸ್ವತೀ ಭಂಡಾರಿಗರನ್ನೂ ಹೇಳುವ 1058ರ ಶಾಸನವಿದೆಯಲ್ಲ, ಅದನ್ನು ನಾವು 1058 ಎನ್ನುವುದು ಶಕವರ್ಷ 980ಕ್ಕೆ ಈ 78ನ್ನು ಕೂಡಿಸಿಯೇ.

ಎರಡನೆಯ ಆಜ್ಞೆ ‘ಕ್ಯಾಲೆಂಡರ್’. ಇದು 1979ರ ಯೂನಿಕ್ಸಿನ ಏಳನೆಯ ಆವೃತ್ತಿಯಿಂದ ಬಂದದ್ದು. ನೀವು ತಾರೀಖುಗಳೊಡನೆ ಬರೆದಿಟ್ಟ ಕಡತವನ್ನು ಅದು ಓದಿ ಇಂದಿನ ಮತ್ತು ನಾಳಿನ ತಾರೀಖು ಇರುವ ಸಾಲುಗಳನ್ನು ಮಾತ್ರ ಎತ್ತಿ ತೋರಿಸುತ್ತದೆ. ವಾರದ ಕೊನೆಯಲ್ಲಿ ಅದರ ‘ನಾಳೆ’ ಸೋಮವಾರದವರೆಗೆ ಹಿಗ್ಗುತ್ತದೆ. ಶನಿವಾರ, ಭಾನುವಾರ ಕಚೇರಿ ಇಲ್ಲದವರು ಬರೆದದ್ದೆಂಬುದು ಅದರಿಂದಲೇ ತಿಳಿಯುತ್ತದೆ.

ಇವೆರಡರಲ್ಲಿಯೂ ನಮಗೆ ಬೇಕಾದದ್ದಿರಲಿಲ್ಲ. ಬೇಕಾಗಿದ್ದದ್ದು ಬೇರೆ ಬೇರೆ ಶಕೆಗಳ ನಡುವೆ ದಾಟಿಸಬಲ್ಲ ಕ್ರಮವಿಧಿ. ಅಂಥದೊಂದು ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶದೊಳಗೇ ಇದೆಯೆಂದು ಶಿಷ್ಯ ಹೇಳಿದ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಎಡ್ವರ್ಡ್ ರೈನ್‌ಗೋಲ್ಡ್ ಅದಕ್ಕೆ ಮೂಲಪುರುಷ. ಆತನೂ ನಾಹುಮ್ ಡೆರ್ಶೊವಿಟ್ಸ್ ಎಂಬ ವಿದ್ವಾಂಸರೂ ಸೇರಿ 1990ರಲ್ಲಿ ಜಗತ್ತಿನ ಪಂಚಾಂಗಗಳ ಗಣಿತವನ್ನು ಕುರಿತು ಲೇಖನ ಬರೆದರು. 1997ರಲ್ಲಿ ಅದು ಗ್ರಂಥವೇ ಆಯಿತು. ಅದರಲ್ಲಿ ನಮ್ಮ ಸೂರ್ಯಸಿದ್ಧಾಂತದ ಲೆಕ್ಕವೂ ಇದೆ. ಈಮ್ಯಾಕ್ಸಿನೊಳಗಿನ ಪಂಚಾಂಗದಲ್ಲಿ ಹಿಂದೂ ಗಣನೆಯಿಲ್ಲ. ಆದರೆ ಹಿಜರಿ ಇದೆ, ಫಾರಸಿ ಇದೆ, ಚಂದ್ರನ ವೃದ್ಧಿಕ್ಷಯಗಳಿವೆ. ನಮಗೆ ಅಷ್ಟು ಸಾಕೆನಿಸಿತು.

ಅದನ್ನು ಆ ಯಂತ್ರದಲ್ಲಿ ನೆಲೆಗೊಳಿಸುವುದು ಎಷ್ಟು ಕಷ್ಟವೆಂಬುದು ನನಗೆ ಆಮೇಲೆ ತಿಳಿಯಿತು. ಮೊದಲನೆಯದಾಗಿ, ಯಂತ್ರದೊಳಗಿನ ಬ್ಯಾಟರಿ ಸತ್ತಿತ್ತು. ಎಬ್ಬಿಸಿದಾಗಲೆಲ್ಲ ಅದು ಇಂದು 1980ರ ಜನವರಿ 1 ಎಂದೇ ಹೇಳುತ್ತಿತ್ತು. ಬ್ಯಾಟರಿ ಹಾಕಿದ್ದಾಯಿತು; ಆದರೆ ತಾರೀಖು ಹೇಳುವ ಆಜ್ಞೆ ವರ್ಷಕ್ಕೆ ಎರಡೇ ಅಂಕೆ ಕೇಳುತ್ತಿತ್ತು. 24 ಎಂದರೆ ಅದು ಯಾವ ಶತಮಾನವೆಂದು ತಿಳಿದೀತೋ ಎಂಬ ಅನುಮಾನದಿಂದ ಶಿಷ್ಯ ಒಂದು ಹಳೆಯ ಉಪಾಯ ಹೂಡಿದ. 28 ವರ್ಷಗಳಿಗೊಮ್ಮೆ ವಾರವೂ ತಾರೀಖೂ ಅಧಿಕ ದಿನವೂ ಮೊದಲಿನ ಹೊಂದಿಕೆಗೇ ಮರಳುತ್ತವೆ; ಆದ್ದರಿಂದ 2024ಕ್ಕೆ ಬದಲಾಗಿ 1996 ಎಂದು ಹೇಳಿಬಿಟ್ಟ. ಹೀಗೆ ನನ್ನ ಮನೆಯ ಒಂದು ಮೂಲೆಯಲ್ಲಿ 1996 ನಡೆಯತೊಡಗಿತು. ನಾನಾಗ ನಲವತ್ತಕ್ಕಿಂತ ಕಿರಿಯವನಾಗಿದ್ದೆನೆಂದು ನೆನೆದರೆ ಆ ಮೂಲೆಯ ಕಡೆಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಮೂಲಪಾಠದಿಂದ ಕ್ರಮವಿಧಿಯನ್ನು ಕಟ್ಟಬೇಕಾದರೆ ಯಂತ್ರದಲ್ಲಿ ಕಂಪೈಲರು ಬೇಕು. ಆ ಯೂನಿಕ್ಸಿನಲ್ಲಿ ಅದನ್ನು ಪ್ರತ್ಯೇಕವಾಗಿ ಹಣ ಕೊಟ್ಟು ಕೊಳ್ಳಬೇಕಿತ್ತು. ಈ ಯಂತ್ರದ ಹಿಂದಿನ ಒಡೆಯರು ಕೊಂಡಿರಲಿಲ್ಲ. ಒರಳಿಲ್ಲದ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬಬೇಕೆಂದಂತಾಯಿತು. ಕೊನೆಗೆ ಆ ಬಗೆಯ ಯಂತ್ರಕ್ಕೆಂದೇ ಬೇರೆಡೆ ಕಟ್ಟಿ ಸಿದ್ಧಪಡಿಸಿದ್ದ ಪ್ರತಿಯನ್ನು ಅವನು ಎಲ್ಲಿಂದಲೋ ಹುಡುಕಿದ. ಹುಡುಕಿದ್ದನ್ನು ಒಳಗೆ ಸೇರಿಸಲು ಫ್ಲಾಪಿ ತಟ್ಟೆಯ ಹೊರತು ಬಾಗಿಲಿಲ್ಲ. ಒಂದು ಫ್ಲಾಪಿಯ ಹೊಟ್ಟೆ ಒಂದೂವರೆ ಮೆಗಾಬೈಟಿನಷ್ಟೂ ಇಲ್ಲ. ಕ್ರಮವಿಧಿಯನ್ನು ತುಂಡು ಮಾಡಿ, ತುಂಡುಗಳನ್ನು ಫ್ಲಾಪಿಗಳಿಗೆ ತುಂಬಿ, ಭಾನುವಾರಗಳಂದು ಅವನು ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ. 1874ರಲ್ಲಿ ನಿಜಾಮರ ರಾಜಧಾನಿಯನ್ನು ಮುಂಬಯಿ ದಾರಿಗೆ ಕೂಡಿಸಲು ಹಾಕಿದ ಹಳಿಯದು; ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಂಗೆ ಬರುತ್ತದೆ. ಅಮೋಘವರ್ಷನ ಮಾನ್ಯಖೇಟವೇ ಈ ಮಳಖೇಡ. ಆ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದ. ಗಣಿತದ ತುಂಡುಗಳು ಚೀಲದಲ್ಲಿ ಆ ದಾರಿಯಾಗಿಯೇ ಬರುತ್ತಿದ್ದುದು ನನಗೆ ಪ್ರಿಯವಾಗಿತ್ತು. ಆದರೆ ಹತ್ತು ಫ್ಲಾಪಿಗಳಲ್ಲಿ ಒಂದು ಓದದೆ ಹೋದರೂ ಇಡೀ ಕಂತೆ ವ್ಯರ್ಥ. ಎರಡು ಭಾನುವಾರಗಳು ಹೀಗೇ ಹೋದವು.

ಮೂರನೆಯ ತೊಡಕು ಹೆಸರುಗಳದು. ಆ ಹಳೆಯ ವ್ಯವಸ್ಥೆಯಲ್ಲಿ ಕಡತದ ಹೆಸರು ಹದಿನಾಲ್ಕು ಅಕ್ಷರಗಳನ್ನು ಮೀರುವಂತಿಲ್ಲ. ಶಿಷ್ಯ ತನ್ನ ಹೊಸ ಗಣಕದಲ್ಲಿ ಉದ್ದುದ್ದ ಹೆಸರಿಟ್ಟು ಕಳಿಸಿದ ಟಿಪ್ಪಣಿಗಳೆಲ್ಲ ಇಲ್ಲಿ ಬಾಲ ಕಡಿದುಕೊಂಡು ಒಂದರ ಮೇಲೊಂದು ಬಿದ್ದವು. ಈಮ್ಯಾಕ್ಸಿನ ಕಡತಗಳು ಮಾತ್ರ ನೆಟ್ಟಗೆ ನಿಂತವು. ಫಾರಸಿ ಪಂಚಾಂಗದ ಕಡತದ ಹೆಸರನ್ನು ಅವನು ಎಣಿಸಿ ತೋರಿಸಿದ: ‘ಕ್ಯಾಲ್-ಪರ್ಶಿಯಾ’ ಎಂಬುದು ತನ್ನ ಬಾಲದ ಬಿಂದುವೂ ಮೂರಕ್ಷರವೂ ಸೇರಿ ಇಂಗ್ಲಿಷಿನಲ್ಲಿ ಸರಿಯಾಗಿ ಹದಿನಾಲ್ಕು. ‘ಪರ್ಶಿಯನ್’ ಎಂದು ಬರೆದಿದ್ದರೆ ಹದಿನೈದಾಗುತ್ತಿತ್ತು. ಛಂದಸ್ಸಿಗಾಗಿ ಪದದ ಕೊನೆಯನ್ನು ಲೋಪ ಮಾಡುವ ಕವಿಗಳನ್ನು ಕಂಡಿದ್ದೆ. ಇಲ್ಲಿಯೂ ಒಂದು ಮಾತ್ರಾಲೆಕ್ಕವಿದೆಯೆಂದು ಗೊತ್ತಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಅದು ಎದ್ದು ನಿಂತಿತು. ಪರದೆಯ ಮೇಲೆ ಮೂರು ತಿಂಗಳ ಹಾಳೆಗಳು ಪಕ್ಕಪಕ್ಕದಲ್ಲಿ ಮೂಡಿದವು. ನಾನು ತಡೆಯಲಾರದೆ ಹೇಳಿದೆ: “ಅಮರದಾದ್ ಕೇಳು.” ಶಿಷ್ಯ ಫಾರಸಿ ತಿಂಗಳನ್ನು ಕೊಟ್ಟ. ಯಂತ್ರ ಹೇಳಿತು: ಆ ತಿಂಗಳು ಆರಂಭವಾಗುವುದು 1948ರ ಜುಲೈ 23ರಂದು, ಮುಗಿಯುವುದು ಆಗಸ್ಟ್ 22ಕ್ಕೆ. ಅದರೊಳಗೆ ಬರುವ ಹುಣ್ಣಿಮೆ ಒಂದೇ, ಆಗಸ್ಟ್ 19ರದು, ಅದು ಶ್ರಾವಣದ ನೂಲಹುಣ್ಣಿಮೆ, ವಾರ ಗುರುವಾರ. ಮುನ್ಷಿಯವರು ಹೇಳಿದ್ದೇ ಸರಿ. ಅವ್ವನ ಕಾರಹುಣ್ಣಿಮೆ ಯಂತ್ರದಲ್ಲಿಯೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಷ್ಟು ಶ್ರಮಪಟ್ಟದ್ದು ಅವ್ವನ ಮಾತನ್ನು ಎರಡನೆಯ ಬಾರಿ ಸುಳ್ಳೆಂದು ಸ್ಥಾಪಿಸುವುದಕ್ಕೆಯೇ? ಚಿಂಚೋಳಿಗೆ ಫೋನು ಮಾಡಿ ಅಕ್ಕನಿಗೆ ಹೇಳಬೇಕೆ, ಬಿಡಬೇಕೆ? ಬೆಳಗಿನ ಜಾವದ ಹೊತ್ತಿಗೆ ಬಂದ ಯೋಚನೆ ಮಾತ್ರ ನನ್ನ ಕಸುಬಿಗೆ ಸೇರಿದ್ದು. ಹುಣ್ಣಿಮೆ ಸೋಮವಾರದಂದು ಬೀಳಲಿಲ್ಲವಷ್ಟೆ. ಹಾಗಾದರೆ ತಂದೆಯವರ ಸೋಮವಾರವೂ ಅವ್ವನ ಹುಣ್ಣಿಮೆಯೂ ಕೂಡುವ ದಿನ ಬೇರೆಲ್ಲಿಯಾದರೂ ಇದೆಯೇ? ಎರಡು ಸಾಕ್ಷಿಗಳು ಪರಸ್ಪರ ಒಪ್ಪಿ ಮೂರನೆಯದು ಒಪ್ಪದಿದ್ದರೆ ಮೂರನೆಯದನ್ನೇ ಪರೀಕ್ಷಿಸಬೇಕಲ್ಲವೆ? ಎದ್ದು ಹಳೆಯ ‘ಕ್ಯಾಲ್’ ಆಜ್ಞೆಗೆ 1948ರ ಜೂನನ್ನು ಕೇಳಿದೆ. ಸೋಮವಾರಗಳು 7, 14, 21, 28. ಚಂದ್ರನ ಲೆಕ್ಕ ತೆಗೆಯುವುದನ್ನು ಶಿಷ್ಯ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ, ಅದರಂತೆ ಮಾಡಿದೆ. ಜ್ಯೇಷ್ಠದ ಹುಣ್ಣಿಮೆ ಜೂನ್ 21, ಸಂಜೆ ಆರು ಗಂಟೆ ದಾಟಿದ ಮೇಲೆ ಪೂರ್ಣ. ಎತ್ತುಗಳು ಕರಿ ಹರಿದು ಮರಳುವ ಹೊತ್ತು!

ದಿನವೇನೋ ಸಿಕ್ಕಿತು, ಆದರೆ ತಿಂಗಳು? ಜೂನ್ 21 ಅಮರದಾದ್ ಆಗುವುದು ಹೇಗೆ? ಮುಂದಿನ ಭಾನುವಾರ ಶಿಷ್ಯ ಬಂದಾಗ ಫಾರಸಿ ಕಡತದ ಮೂಲಪಾಠವನ್ನೇ ತೆರೆಸಿದೆ. ಆವರಣ ಚಿಹ್ನೆಗಳ ಕಾಡಿನ ನಡುವೆ ತಿಂಗಳ ಹೆಸರುಗಳು ಸಾಲಾಗಿದ್ದವು. ಮೊದಲನೆಯದು ಫರ್ವರ್ದಿನ್. ವರ್ಷ ಆರಂಭವಾಗುವುದು ವಸಂತ ವಿಷುವದಲ್ಲಿ, ಮಾರ್ಚ್ 21ರ ಸುಮಾರಿಗೆ. ಅಮರದಾದ್ ಐದನೆಯದು. ಇರಾನಿನ ಪಂಚಾಂಗ ಅದು. ಅಲ್ಲಿನ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ.

ಆಗ ತಂದೆಯವರ ಲೆಕ್ಕದ ಪುಸ್ತಕವನ್ನು ಮತ್ತೆ ಬಿಚ್ಚಿದೆ. ಐವತ್ತು ವರ್ಷದಲ್ಲಿ ನಾವು ಯಾರೂ ಅದರಲ್ಲಿ ಒಂದು ಪುಟದ ಹೊರತು ಬೇರೆ ಪುಟ ಓದಿರಲಿಲ್ಲವೆಂದು ನಾಚಿಕೆಯಿಂದಲೇ ಹೇಳಬೇಕು. ಉರ್ದು ಬಲ್ಲ ನೆರೆಯವರೊಬ್ಬರನ್ನು ಕರೆದು ಮೊದಲಿನಿಂದ ಓದಿಸಿದೆ. 1357ರ ಮೊದಲ ಪುಟದ ತಲೆಯಲ್ಲಿದ್ದ ತಿಂಗಳು ಫರ್ವರ್ದಿ ಅಲ್ಲ, ಆಜುರ್! ಆಜುರಿನ ಖರ್ಚಿನಲ್ಲಿ ದಸರೆಗೆ ಕೊಂಡ ಬಟ್ಟೆ. ಮುಂದಿನ ತಿಂಗಳು ದೈ. ಅದರಲ್ಲಿ ದೀಪಾವಳಿಗೆ ತಂದ ಎಣ್ಣೆ. ಆಮೇಲೆ ಬಹಮನ್, ಅದರ ಮುಂದಿನ ಇಸ್ಫಂದಾರಿನಲ್ಲಿ ಸಂಕ್ರಾಂತಿಯ ಎಳ್ಳು, ಬೆಲ್ಲ. ಹೀಗೆ ಸಂಬಳದ ಸಾಲುಗಳನ್ನು ಹಿಡಿದು ಎಣಿಸುತ್ತ ಬಂದರೆ ಅಮರದಾದ್ ಐದನೆಯದಲ್ಲ, ಒಂಬತ್ತನೆಯದು. 1947ರಲ್ಲಿ ವಿಜಯದಶಮಿ ಅಕ್ಟೋಬರ್ 24ರಂದು; ಇರಾನಿನ ಆಜರ್ ತಿಂಗಳು ನವೆಂಬರಿನ ಕೊನೆಗಲ್ಲದೆ ಆರಂಭವಾಗುವುದಿಲ್ಲ. ಆದ್ದರಿಂದ ತಂದೆಯವರ ಆಜುರು ಇರಾನಿನದಲ್ಲ.

ಅದು ಹೈದರಾಬಾದಿನದು. ಈ ಫಸಲಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಹಿಜರಿ ವರ್ಷ ಚಾಂದ್ರಮಾನದ್ದು. ಸುಮಾರು 354 ದಿನ. ಅಧಿಕಮಾಸವಿಲ್ಲದ್ದರಿಂದ ಅದು ಋತುಗಳನ್ನು ಬಿಟ್ಟು ಹಿಂದೆ ಸರಿಯುತ್ತಲೇ ಇರುತ್ತದೆ. ಕಂದಾಯ ವಸೂಲಿಗೆ ಬೆಳೆ ಬರುವ ಕಾಲ ಬೇಕು. ಆದ್ದರಿಂದ ಅಕ್ಬರನ ಕಾಲದಲ್ಲಿ 963ರ ಹಿಜರಿಯಿಂದ, ಎಂದರೆ 1556ರಿಂದ, ಮುಂದಕ್ಕೆ ಸೌರವರ್ಷದಂತೆ ಎಣಿಸುವ ಫಸಲಿ ಬಂತು. ಫಸಲ್ ಎಂದರೆ ಬೆಳೆ. ದಕ್ಷಿಣಕ್ಕೆ ಅದು ಷಹಜಹಾನನ ಕಾಲದಲ್ಲಿ ಇಳಿಯಿತು. ನಿಜಾಮರ ಸಂಸ್ಥಾನ ಆ ವರ್ಷಕ್ಕೆ ಫಾರಸಿ ತಿಂಗಳ ಹೆಸರುಗಳನ್ನು ತೊಡಿಸಿತು. ಆದರೆ ವರ್ಷದ ಮೊದಲನ್ನು ವಸಂತದಲ್ಲಿಡದೆ ಮುಂಗಾರು ಮುಗಿದ ಮೇಲೆ, ಅಕ್ಟೋಬರಿನ ಮೊದಲ ವಾರದಲ್ಲಿ ಇಟ್ಟಿತು. ಸಂಸ್ಥಾನದ ಹಳೆಯ ವಾರ್ಷಿಕ ಆಡಳಿತ ವರದಿಗಳ ತಲೆಬರಹದಲ್ಲಿಯೇ ಫಸಲಿ ವರ್ಷದ ಜೊತೆಗೆ ಅಕ್ಟೋಬರ್ 6ರಿಂದ ಅಕ್ಟೋಬರ್ 5ರವರೆಗೆ ಎಂಬ ವಿವರಣೆಯಿರುತ್ತದೆ. ಹೆಸರುಗಳು ಪರ್ಷಿಯದವು, ಕಾಲ ನಮ್ಮ ಜೋಳದ ಹೊಲದ್ದು. ಹೈದರಾಬಾದು ಭಾರತಕ್ಕೆ ಸೇರಿದ ಮೇಲೆಯೂ ಈ ಗಣನೆ ಒಮ್ಮೆಲೇ ಅಳಿಯಲಿಲ್ಲ; 1949ರ ಆಗಸ್ಟ್ 15ರಂದು ಬಂದ ಜಾಗೀರು ರದ್ದತಿಯ ಶಾಸನದ ಹೆಸರಿನಲ್ಲಿರುವ ವರ್ಷ 1358 ಫಸಲಿಯೇ. ನಮ್ಮ ತಾಲ್ಲೂಕುಗಳ ಹಳೆಯ ಜಮೀನು ಕಾಗದ ಹಿಡಿದು ಕಚೇರಿಗೆ ಅಲೆದವರಿಗೆ ಈ ಅಂಕೆಗಳ ಪರಿಚಯವಿರುತ್ತದೆ.

ಮುನ್ಷಿಯವರಿಗೆ ಫಾರಸಿ ಭಾಷೆ ಗೊತ್ತಿತ್ತು. ಯಂತ್ರಕ್ಕೆ ಫಾರಸಿ ಗಣಿತ ಗೊತ್ತಿತ್ತು. ಇಬ್ಬರೂ ಹೆಸರನ್ನು ನಂಬಿದರು. ಶಾಸನಗಳಲ್ಲಿ ಬರೇ ‘ಐದನೆಯ ವರ್ಷ’ ಎಂದಿದ್ದರೆ ಅದು ಯಾವ ಎಣಿಕೆಯ ಐದನೆಯದೆಂದು ನಾವು ಮೊದಲು ಕೇಳುತ್ತೇವೆ. 1076ರಲ್ಲಿ ಆರನೆಯ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು ತನ್ನ ಹೆಸರಿನ ಚಾಲುಕ್ಯ ವಿಕ್ರಮವರ್ಷವನ್ನು ತಂದ ಮೇಲೆ ಈ ಭಾಗದ ಶಾಸನಗಳನ್ನು ಓದುವವರಿಗೆ ಆ ಪ್ರಶ್ನೆ ರೂಢಿಯಾಗಿದೆ. ಅಷ್ಟು ರೂಢಿಯಿದ್ದೂ ಮನೆಯ ಕಾಗದಕ್ಕೆ ಅದನ್ನು ಕೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಉಳಿದದ್ದು ಚಾಚಿಯ ಹಲ್ವ. ಶಿಷ್ಯ ಹಿಜರಿಯ ಲೆಕ್ಕ ಕೇಳಿದ. ಅಂಕಗಣಿತದ ಹಿಜರಿಯಲ್ಲಿ ಚಂದ್ರದರ್ಶನಕ್ಕನುಗುಣವಾಗಿ ಒಂದು ದಿನದ ವ್ಯತ್ಯಾಸ ಸಂಭವವೆಂದು ಮೊದಲೇ ಎಚ್ಚರಿಸಿದ. ಯಂತ್ರ ಹೇಳಿತು: 1948ರ ಜೂನ್ 21 ಎಂದರೆ 1367ರ ಷಾಬಾನ್ 13. ಷಬ್-ಎ-ಬರಾತು ಷಾಬಾನಿನ 14 ಮುಗಿದು 15 ಹಿಡಿಯುವ ರಾತ್ರಿ. ಎಂದರೆ ಜೂನ್ 22ರ ರಾತ್ರಿ. ಮರುದಿನ! ಶಿಷ್ಯ ಕುರ್ಚಿಯಿಂದೆದ್ದು ಸುಮ್ಮನೆ ನಿಂತುಬಿಟ್ಟ. ನಾನು ಚಾಳೀಸನ್ನು ತೆಗೆದು ಒರೆಸುತ್ತ ಕುಳಿತೆ. ಅಕ್ಷರವಿಲ್ಲದ ಹೆಂಗಸು ಚಂದ್ರನನ್ನೂ ಎತ್ತುಗಳನ್ನೂ ನೆರೆಮನೆಯ ದೀಪವನ್ನೂ ಒಟ್ಟಿಗೆ ನೆನಪಿಟ್ಟಿದ್ದಳು.

ಅಕ್ಕನಿಗೆ ಫೋನಿನಲ್ಲಿ ಹೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಇನ್ನೊಂದು ಸಂಗತಿ ಕಂಡಿತ್ತು. 19 ಸೌರವರ್ಷಗಳೂ 235 ಚಾಂದ್ರಮಾಸಗಳೂ ಬಹುಮಟ್ಟಿಗೆ ಸಮ. ಆದ್ದರಿಂದ 19 ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಮರಳಿ ಹತ್ತಿರ ಬರುತ್ತವೆ. ಅದರ ನಾಲ್ಕು ಪಟ್ಟು 76 ವರ್ಷಕ್ಕೆ ಇನ್ನೂ ಹತ್ತಿರ. 1948ಕ್ಕೆ 76 ಕೂಡಿಸಿದರೆ 2024. ನಾವು ಇದ್ದದ್ದು ಆ ವರ್ಷದಲ್ಲಿಯೇ; ಜೂನ್ 21 ಇನ್ನೂ ಮುಂದಿತ್ತು. ಅಂದು ಬೆಳಗ್ಗೆ ಹುಣ್ಣಿಮೆ ಹಿಡಿದು ಮರುದಿನ ಬೆಳಗ್ಗೆ ಬಿಡುತ್ತಿತ್ತು. ಶಿಷ್ಯ ‘ಕ್ಯಾಲೆಂಡರ್’ ಆಜ್ಞೆಯ ಕಡತದಲ್ಲಿ ಒಂದು ಸಾಲು ಬರೆದಿಟ್ಟ. ಆ ಯಂತ್ರಕ್ಕೆ ಕನ್ನಡ ಬರದು. ಇಂಗ್ಲಿಷ್ ಅಕ್ಷರಗಳಲ್ಲಿಯೇ ‘ಅಕ್ಕ ಹುಟ್ಟಿದ ದಿನ, ಕಾರಹುಣ್ಣಿಮೆ’ ಎಂದು ಬರೆದ. ಜೂನ್ 20ರ ಗುರುವಾರ ಬೆಳಗ್ಗೆ ಯಂತ್ರವನ್ನು ಎಬ್ಬಿಸಿದಾಗ, ತಾನು 1996ರಲ್ಲಿದ್ದೇನೆಂದು ನಂಬಿದ್ದ ಅದು, ತಪ್ಪದೆ ಆ ಸಾಲನ್ನು ಮುಂದಿಟ್ಟಿತು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಚಿಂಚೋಳಿಗೆ ಹೋದೆವು. ಅಕ್ಕ ಅಂಗಳದಲ್ಲಿ ಕುಳಿತಿದ್ದಳು. ಲೆಕ್ಕದ ಪುಸ್ತಕವನ್ನು ಆಕೆಯ ಮುಂದೆ ಬಿಚ್ಚಿ ಆಜುರಿನಿಂದ ಒಂದೊಂದೇ ಪುಟ ತಿರುವುತ್ತ ಎಣಿಸಿ ತೋರಿಸಿದೆ. ದಸರೆಯ ಬಟ್ಟೆ, ದೀಪಾವಳಿಯ ಎಣ್ಣೆ, ಸಂಕ್ರಾಂತಿಯ ಎಳ್ಳು. ಒಂಬತ್ತನೆಯ ಪುಟಕ್ಕೆ ಬಂದಾಗ ಆಕೆ ನೀರಿನ ಕಲೆಯ ಮೇಲೆ ಬೆರಳಿಟ್ಟಳು. ಚಾಚಿಯ ದೀಪದ ಲೆಕ್ಕವನ್ನು ಶಿಷ್ಯ ವಿವರಿಸಿದ. ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಂಗಾದ್ರ ಅವ್ವ ಹೇಳಿದ್ದು ಖರೇನೇ ಅದ” ಎಂದಳು. ಮತ್ತೆ, “ನಾನೇ ಆಕಿ ಮಾತು ಬಿಟ್ಟುಕೊಟ್ಟೆ” ಎಂದಳು.

ಓಣಿಯಲ್ಲಿ ಎತ್ತುಗಳಿಗೆ ಬಣ್ಣ ಹಚ್ಚುತ್ತಿದ್ದರು. ಎತ್ತುಗಳೇನೂ ಮೊದಲಿನಷ್ಟಿಲ್ಲ. ಸೊಸೆ ಒಳಗಿನಿಂದ ಹೋಳಿಗೆಯ ತಟ್ಟೆ ತಂದಿಟ್ಟಳು. ಶಿಷ್ಯ ಮಾತು ಬದಲಿಸಲೆಂದು, ಅಕ್ಕ ಹುಟ್ಟಿದ ಹುಣ್ಣಿಮೆಯಿಂದ ಇಂದಿನದಕ್ಕೆ 940 ಮಾಸಗಳಾದವೆಂದೂ ಸಾವಿರ ಚಂದ್ರರಿಗೆ ಅರವತ್ತೇ ಬಾಕಿಯೆಂದೂ ಹೇಳಿದ. ಆ ಯಂತ್ರ 1970ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿದೆಯೆಂದೂ, ಅದರ ಎಣಿಕೆಯ ಪಾತ್ರೆ 2038ರ ಜನವರಿ 19ರಂದು ತುಂಬಿಹೋಗುವುದೆಂದೂ ಹೇಳಿದ. ಆದರೆ ನಾವು 28 ವರ್ಷ ಹಿಂದಿಟ್ಟಿರುವುದರಿಂದ ಅದಕ್ಕೆ ಇನ್ನೂ ಬಹಳ ಆಯುಷ್ಯವಿದೆಯೆಂದಾಗ ಅಕ್ಕ ನಕ್ಕಳು.

“ಅದರಾಗ ನನ್ನ ಹೆಸರು ಬರ್ದೀಯಲ್ಲಾ, ಅವ್ವಂದೂ ಬರಿ” ಎಂದಳು.

ಶಿಷ್ಯ ನನ್ನ ಮುಖ ನೋಡಿದ. ಅವ್ವನ ಹುಟ್ಟಿದ ದಿನವನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. “ಯಾವ ತಾರೀಖಿಗೆ ಬರೀಲಿ, ಅಕ್ಕಾರೆ?” ಎಂದು ಮೆಲ್ಲಗೆ ಕೇಳಿದ.

“ಅದೇ ತಾರೀಖಿಗೆ ಬರಿ. ಆಕಿ ಅವ್ವ ಆಗಿದ್ದು ಅವತ್ತೇ ಅಲ್ಲೇನು.”

ಸೇಡಂಗೆ ಮರಳಿದ ಮೇಲೆ ಅವನು ಕಡತವನ್ನು ತೆರೆದು ಜೂನ್ 21ರ ಕೆಳಗೆ ಇನ್ನೊಂದು ಸಾಲು ಸೇರಿಸಿದ.